ಅವ್ವನಿಗೆ ಒಯ್ದ ಚುಕ್ಕಿ ರೊಟ್ಟಿ

ಶ್ರಾವಣದ ಮೋಡ ರಾಯಚೂರಿನ ಗುಡ್ಡದ ಮೇಲೆ ಬಂದು ಕೂತಿತೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಡಬ್ಬಿಯಿಂದ ಒಣದ್ರಾಕ್ಷಿ ತೆಗೆಯುತ್ತೇನೆ, ಉತ್ತತ್ತಿಯ ಬೀಜ ಬಿಡಿಸಿ ಸಣ್ಣಗೆ ಹೆಚ್ಚುತ್ತೇನೆ. ಹಾಲು ಹಾಕದ ಕರಿ ಚಹಾ ಕಾಸಿ, ಅವನ್ನೆಲ್ಲ ಅದರಲ್ಲಿ ಮುಳುಗಿಸಿ ತಟ್ಟೆ ಮುಚ್ಚಿಡುತ್ತೇನೆ. ಮರುದಿನ ಹಿಟ್ಟು, ಬೆಲ್ಲ ಕಲಸಿ ಸುಡುತ್ತೇನೆ. ಒಬ್ಬಳೇ ಇರುವ ಮುದುಕಿಗೆ ಅಷ್ಟು ದೊಡ್ಡ ರೊಟ್ಟಿ ಯಾಕೆ ಬೇಕು ಎಂದು ಓಣಿಯವರು ಕೇಳುತ್ತಾರೆ. ಕೇಳಲಿ. ಊರ ಬಾಯಿಗೆ ಮುಚ್ಚಳ ಹುಡುಕುತ್ತ ಕೂತರೆ ನನ್ನ ಒಲೆಯ ಕೆಂಡ ಆರಿಹೋಗುತ್ತದೆ.

ಈ ರೊಟ್ಟಿಯನ್ನು ಕಲಿಸಿದವಳೂ ಈಗಿಲ್ಲ, ಯಾರಿಗೆ ಒಯ್ದೆನೋ ಅವಳೂ ಇಲ್ಲ. ಕಲಿಸಿದವಳು ದವಾಖಾನೆಯ ಡಾಕ್ಟರಬಾಯಿ. ಇನ್ನೊಬ್ಬಳು ನನ್ನ ಹಡೆದವ್ವ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ. ಅವರಿಬ್ಬರ ನಡುವೆ ಹೋಗಿ ಬಂದವಳು ನಾನೊಬ್ಬಳೇ.

ನಾನು ಹುಟ್ಟಿದ್ದು ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ, ಲಿಂಗ ಕಟ್ಟಿಕೊಂಡ ಒಕ್ಕಲುತನದ ಮನೆಯಲ್ಲಿ. ಕೊಟ್ಟದ್ದು ಮಾನ್ವಿ ಕಡೆಗೆ, ಹೊಳೆ ದಂಡೆಯ ಚೀಕಲಪರ್ವಿಗೆ. ಗಂಡ ಒಳ್ಳೆಯವನೇ ಇದ್ದ, ಆದರೆ ಒಳ್ಳೆಯವನೆಂದು ತಿಳಿದುಕೊಳ್ಳುವಷ್ಟರಲ್ಲಿ ಜ್ವರ ಬಂದು ಹೋಗಿಬಿಟ್ಟ. ಅತ್ತೆಯ ಮನೆಯವರು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಮಾತಾಡದ ಮನೆಯಲ್ಲಿ ಎಷ್ಟು ದಿನ ಇರುವುದು? ಗಂಟು ಕಟ್ಟಿಕೊಂಡು ತವರಿಗೆ ಬಂದೆ. ಬಂದವಳಿಗೆ ಅದೇ ಜ್ವರ ತಗುಲಿತು. ಮೈಮೇಲೆ ಎಚ್ಚರವಿಲ್ಲದವಳನ್ನು ಅಣ್ಣ ಬಂಡಿಯಲ್ಲಿ ಹಾಕಿಕೊಂಡು ರಾಯಚೂರಿನ ದವಾಖಾನೆಗೆ ತಂದ. ಸಮುದ್ರದಾಚೆಯಿಂದ ಬಂದ ಒಬ್ಬ ಹೆಣ್ಣು ಡಾಕ್ಟರು ನಡೆಸುವ ದವಾಖಾನೆ ಅದು. ನಮ್ಮ ಜನ ಸಾಯುವ ಹೊತ್ತಿಗೆ ಮಾತ್ರ ಆ ಗೇಟು ದಾಟುತ್ತಿದ್ದರು.

ನಾನು ಸಾಯಲಿಲ್ಲ. ಮೈಯಲ್ಲಿ ಶಕ್ತಿ ಬಂದ ಮೇಲೆ ಸುಮ್ಮನೆ ಮಲಗಿರಲು ಬರಲಿಲ್ಲ. ಪಕ್ಕದ ಮಂಚದವಳಿಗೆ ನೀರು ಕುಡಿಸಿದೆ, ಮತ್ತೊಬ್ಬಳ ತಲೆ ಬಾಚಿದೆ, ಬಟ್ಟೆ ಮಡಚಿಟ್ಟೆ. ಡಾಕ್ಟರಬಾಯಿ ನೋಡುತ್ತಿದ್ದಳು. ಅವಳ ಕನ್ನಡ ಪುಸ್ತಕದಿಂದ ಕಲಿತ ಕನ್ನಡ. "ನೀನು ಇಲ್ಲಿಯೇ ಉಳಿದು ಈ ಕೆಲಸವನ್ನು ಕಲಿಯಬಹುದು. ನಿನಗೆ ಇಷ್ಟವಿದೆಯೇ?" ಎಂದು ಕೇಳಿದಳು. ನನಗೆ ಏನು ಇಷ್ಟ ಎಂದು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಹೂಂ ಎಂದೆ.

ಆ ಒಂದು ಹೂಂಗೆ ನಾನು ತೆತ್ತ ಬೆಲೆ ಅವ್ವ.

ನನ್ನನ್ನು ಕರೆದುಕೊಂಡು ಹೋಗಲು ಅವ್ವ ಬಂಡಿ ಕಟ್ಟಿಸಿಕೊಂಡು ಬಂದಿದ್ದಳು. ಮಧ್ಯಾಹ್ನದ ಊಟದ ಹೊತ್ತು. ಹಿಂದಿನ ಪಡಸಾಲೆಯಲ್ಲಿ ನಾವು ಕೆಲಸದವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಎಲ್ಲ ಕೇರಿಯವರೂ ಇದ್ದರು, ಏಸುವನ್ನು ನಂಬಿದವರೂ ಇದ್ದರು. ಅವ್ವ ಹಿತ್ತಲ ಗೇಟಿನಲ್ಲೇ ನಿಂತು ನೋಡಿದಳು. ನಾನು ಎಂಜಲುಗೈಯಲ್ಲೇ ಎದ್ದು ಓಡಿದೆ.

"ಯವ್ವಾ, ಒಳಗ ಬಾ" ಎಂದೆ.

"ಒಳಗ ಬಂದು ಏನ ನೋಡಲಿ? ಹೊರಗಿಂದನ ಎಲ್ಲಾ ಕಂಡೀನಿ" ಎಂದಳು. ಒದರಾಡಲಿಲ್ಲ, ಅಳಲಿಲ್ಲ. "ನೀ ಬದುಕಿದಿ, ಅಷ್ಟ ಸಾಕು. ಹಬ್ಬಕ್ಕ ಹುಣ್ಣಿವಿಗಿ ಬಾ, ಉಣ್ಣಾಕ ಹಾಕತೀನಿ, ನೀ ಮಗಳು. ಆದ್ರ ಇನ್ನ ನಿನ್ನ ಕೈಯಾಗಿನ ನೀರೂ ನಾ ಕುಡಿಯಂಗಿಲ್ಲ."

ಬಂಡಿ ತಿರುಗಿಸಿ ಹೋದಳು. ನಾನೂ ಅವಳ ಮಗಳೇ ತಾನೆ? ಬೇಡವೆಂದವಳ ಹಿಂದೆ ಓಡಲಿಲ್ಲ. ಒಳಗೆ ಬಂದು ಊಟ ಮುಗಿಸಿದೆ.

ಅವ್ವ ಮಾತಿಗೆ ತಪ್ಪುವವಳಲ್ಲ. ಹಬ್ಬಕ್ಕೆ ಹೋದರೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸುತ್ತಿದ್ದಳು, ಹೊಟ್ಟೆ ತುಂಬ ಉಣಿಸುತ್ತಿದ್ದಳು. ಅಡಿಗೆಮನೆಯ ಹೊಸ್ತಿಲು ಮಾತ್ರ ದಾಟಗೊಡುತ್ತಿರಲಿಲ್ಲ. ರಾಯಚೂರಿನ ಪೇಟೆಯಿಂದ ನಾನು ಒಯ್ದ ಬಾಳೆಹಣ್ಣು, ಸಕ್ಕರೆ, ಕಲ್ಲುಸಕ್ಕರೆ ಏನೇ ಇರಲಿ, "ಅಲ್ಲಿಡು" ಎನ್ನುವಳು. ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಸಂಜೆಗೆ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಅದನ್ನು ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು. ಒಂದು ಸಲ ಅವ್ವನಿಗೆ ಬಿಕ್ಕಳಿಕೆ ಹತ್ತಿತ್ತು. ನಾನು ತಂಬಿಗೆ ಹಿಡಿದು ನಿಂತೆ. ಅವಳು ಬಿಕ್ಕಳಿಸುತ್ತಲೇ ಎದ್ದು ಹೋಗಿ ತಾನೇ ನೀರು ಬಗ್ಗಿಸಿಕೊಂಡು ಕುಡಿದಳು. ಆ ತಂಬಿಗೆಯನ್ನು ನಾನು ಎಲ್ಲಿಟ್ಟೆನೋ ನೆನಪಿಲ್ಲ. ವಾಪಸು ಬರುವಾಗ ಮೋಟಾರು ಬಸ್ಸಿನಲ್ಲಿ ಕೂತು ಕಲ್ಮಲ ಊರು ಬರುವವರೆಗೆ ಅತ್ತೆ. ಜನ ನೋಡಿದರು, ನೋಡಲಿ ಬಿಡು ಎಂದು ಅತ್ತೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಹತ್ತಿತ್ತು. ಯುದ್ಧವೆಂದರೆ ನಮಗೆ ಸಕ್ಕರೆ ಸಿಗದಿರುವುದು, ಸೀಮೆಎಣ್ಣೆಗೆ ಸಾಲು ನಿಲ್ಲುವುದು, ಇದ್ದಲಿ ಉರಿಸಿಕೊಂಡು ಕೆಮ್ಮುತ್ತ ಹೋಗುವ ಮೋಟಾರು. ಡಾಕ್ಟರಬಾಯಿಗೆ ಯುದ್ಧವೆಂದರೆ ಅವಳ ತಾಯಿಯ ಕಾಗದ ಬಾರದಿರುವುದು. ಟಪಾಲಿನವನು ಬರುವ ಹೊತ್ತಿಗೆ ಸರಿಯಾಗಿ ಅವಳಿಗೆ ಗೇಟಿನ ಹತ್ತಿರ ಏನಾದರೂ ಕೆಲಸ ಹುಟ್ಟುತ್ತಿತ್ತು. ಬರಿಗೈಯಲ್ಲಿ ಒಳಗೆ ಬಂದು ರೋಗಿಗಳ ಮೇಲೆ ಸಿಡಿಮಿಡಿ ಮಾಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿರಲಿಲ್ಲ. ಅವ್ವ ಇದ್ದೂ ಇಲ್ಲದವರ ಸಂಕಟ ನನಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂಥ ಒಂದು ದಿನ ಅವಳು ನನ್ನನ್ನು ತನ್ನ ಬಂಗಲೆಯ ಅಡಿಗೆಮನೆಗೆ ಕರೆದಳು. ಅವಳ ಊರಿನಲ್ಲಿ ಬೆಟ್ಟಗಳಂತೆ, ವರ್ಷವೆಲ್ಲ ಮಳೆಯಂತೆ. ಅಲ್ಲಿ ಪ್ರತಿ ಮನೆಯಲ್ಲಿ ತಾಯಂದಿರು ಒಂದು ರೊಟ್ಟಿ ಸುಡುತ್ತಾರಂತೆ, ಅದರ ಹೆಸರಿನ ಅರ್ಥ ಚುಕ್ಕಿ ರೊಟ್ಟಿ. ಒಣಹಣ್ಣು ಒಳಗೆಲ್ಲ ಕಪ್ಪು ಚುಕ್ಕಿಯಾಗಿ ಕಾಣುವುದರಿಂದ ಆ ಹೆಸರು. ನಾನು ನಕ್ಕೆ. ಎಳ್ಳು ಹಚ್ಚಿದ ನಮ್ಮ ಸಜ್ಜೆ ರೊಟ್ಟಿಗೂ ಚುಕ್ಕಿ ಇರುತ್ತವೆ, ಅದಕ್ಕಾಗಿ ಸಮುದ್ರ ದಾಟಬೇಕೇ ಎಂದೆ. ಅವಳು ಒಣಹಣ್ಣಿನ ಬಟ್ಟಲು ನನ್ನ ಕೈಗಿಟ್ಟು, "ಇವುಗಳನ್ನು ಚಹಾದಲ್ಲಿ ನೆನೆಯಿಡು. ನಾಳೆ ಬೆಳಗ್ಗೆ ನಾನು ಕಲಿಸುತ್ತೇನೆ" ಎಂದು ವಾರ್ಡಿಗೆ ಹೋದಳು.

ದೊಡ್ಡ ಮನುಷ್ಯಳು ನಂಬಿ ಕೊಟ್ಟ ಕೆಲಸ. ಕಡಿಮೆ ಮಾಡಿದರೆ ಹೇಗೆ? ಎಮ್ಮೆಯ ಗಟ್ಟಿ ಹಾಲು ಒಲೆಗಿಟ್ಟೆ, ಬೆಲ್ಲ ಹಾಕಿದೆ, ಶುಂಠಿ ಜಜ್ಜಿ ಹಾಕಿದೆ, ಯಾಲಕ್ಕಿ ಎರಡು ಹೆಚ್ಚೇ ಹಾಕಿದೆ. ಕುದಿಸಿ ಕುದಿಸಿ, ಸಂಬಂಧ ನೋಡಲು ಬಂದ ಬೀಗರಿಗೆ ಕೊಡುವಂಥ ಚಹಾ ಮಾಡಿ, ದ್ರಾಕ್ಷಿಯ ಮೇಲೆ ಸುರುವಿ ಮುಚ್ಚಿಟ್ಟೆ. ರಾಯಚೂರಿನ ಬೇಸಿಗೆ ಅದು, ಗೋಡೆ ಮುಟ್ಟಿದರೆ ಕೈ ಸುಡುವ ಕಾಲ. ಬೆಳಗ್ಗೆ ತಟ್ಟೆ ತೆಗೆದರೆ ಬಟ್ಟಲಿನಲ್ಲಿ ಬುರುಗು ಎದ್ದು, ಹಾಲೊಡೆದು, ಹುಳಿ ವಾಸನೆ ಬಾಗಿಲಿಗೆ ಬಂದು ನಿಂತಿತ್ತು.

"ಇದೇನು ಮಾಡಿದೆ?" ಎಂದು ಡಾಕ್ಟರಬಾಯಿ ಮೂಗು ಮುಚ್ಚಿಕೊಂಡಳು.

"ನೀವು ಹೇಳಿದ್ದನ ಮಾಡೀನ್ರಿ ಬಾಯಾರ. ಚಾದಾಗ ನೆನಿ ಇಟ್ಟೀನಿ. ಹಾಲು ಚೊಲೋದಿತ್ತು, ನೀರು ಹಾಕಿಲ್ಲ" ಎಂದೆ. ನನಗೂ ರೇಗಿತ್ತು. ಅಷ್ಟು ಯಾಲಕ್ಕಿ ಹಾಳಾಗಿತ್ತು.

ಅವಳು ನಗಲು ಶುರುಮಾಡಿದಳು. ಮೇಜು ಹಿಡಿದುಕೊಂಡು ನಕ್ಕಳು, ಕುರ್ಚಿಗೆ ಕುಸಿದು ನಕ್ಕಳು. ಆಮೇಲೆ ನಗು ಎಲ್ಲಿ ಮುಗಿಯಿತೋ, ಅಳು ಎಲ್ಲಿ ಹತ್ತಿತೋ ಗೊತ್ತಾಗಲಿಲ್ಲ. "ನನ್ನ ತಾಯಿಗೆ ಇದನ್ನು ಹೇಳಬೇಕಾಗಿತ್ತು" ಎಂದಳು. ನಾನು ಸೆರಗಿನಿಂದ ಅವಳ ಮುಖ ಒರೆಸಿದೆ. ಅವಳು ಬೇಡವೆನ್ನಲಿಲ್ಲ.

ಎರಡನೆಯ ಸಲ ಕರಿ ಚಹಾ ಮಾಡಿದೆವು. ಬೆಳಗ್ಗೆ ನೋಡಿದರೆ ದ್ರಾಕ್ಷಿ ಉಬ್ಬಿ ಕೂತಿದ್ದವು, ಉತ್ತತ್ತಿ ಮೆತ್ತಗಾಗಿತ್ತು. ಜರಡಿ ಹಿಡಿದ ಗೋಧಿ ಹಿಟ್ಟು, ಬೆಲ್ಲದ ಪುಡಿ, ಚಕ್ಕೆ ಲವಂಗ, ಎರಡು ತತ್ತಿ ಒಡೆದು ಹಾಕಿ ಚಹಾದ ಸಮೇತ ಕಲಸಿದಳು. ಬಿಸ್ಕೀಟಿನ ಹಳೆಯ ಡಬ್ಬಿಗೆ ಬೆಣ್ಣೆ ಸವರಿ ಹಿಟ್ಟು ತುಂಬಿದಳು. ದೊಡ್ಡ ಪಾತೇಲಿಯ ತಳಕ್ಕೆ ಮರಳು ಹಾಸಿ, ಮೇಲೆ ಡಬ್ಬಿ ಇಟ್ಟು, ಮುಚ್ಚಳದ ಮೇಲೂ ಕೆಂಡ ಹೇರಿದಳು. ಬೆಂದಿತೋ ಇಲ್ಲವೋ ನೋಡಲು ಕಸಬರಿಗೆಯ ಕಡ್ಡಿಯೊಂದನ್ನು ತೊಳೆದು ಚುಚ್ಚುವುದು ನಾನು ಹುಡುಕಿದ ಉಪಾಯ. ಆ ವಾಸನೆಗೆ ವಾರ್ಡಿನ ರೋಗಿಗಳು ಎದ್ದು ಕೂತರು. ತತ್ತಿ ಹಾಕಿದ್ದನ್ನು ನಾನು ತಿನ್ನುತ್ತಿರಲಿಲ್ಲ. ನನ್ನ ಕೊರಳಲ್ಲಿ ಶಿವದಾರ ಇತ್ತು, ಲಿಂಗ ಎದೆಯ ಮೇಲೇ ಇತ್ತು. ತೆಗೆಯೆಂದು ಡಾಕ್ಟರಬಾಯಿ ಒಂದು ದಿನವೂ ಹೇಳಿದವಳಲ್ಲ. ಊರಿನಲ್ಲಿ ಮಾತ್ರ ನಾನು ಅದನ್ನು ಹೊಳೆಗೆ ಬಿಟ್ಟೆನೆಂದು ಸುದ್ದಿಯಾಗಿತ್ತು. ಅವ್ವ ಕೇಳಲಿಲ್ಲ, ಕೇಳದವಳಿಗೆ ನಾನು ತೋರಿಸಲಿಲ್ಲ.

ಅಣ್ಣ ಪೇಟೆಗೆ ಬಂದಾಗ ದವಾಖಾನೆಗೆ ಬಂದು ನನ್ನನ್ನು ನೋಡಿ ಹೋಗುತ್ತಿದ್ದ. ಒಮ್ಮೆ ಅವನ ಮುಂದೆ ಚುಕ್ಕಿ ರೊಟ್ಟಿಯ ತುಂಡಿಟ್ಟೆ. "ಅಣ್ಣಾ, ಅದರಾಗ..." ಎಂದು ಶುರುಮಾಡುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಹೇಳಬ್ಯಾಡವಾ ತಂಗಿ. ಕೇಳಿದ್ರ ಪಾಪ, ಕೇಳದಿದ್ರ ಪ್ರಸಾದ" ಎಂದು ಬಾಯಿಗಿಟ್ಟುಕೊಂಡ. ತಿಂದು, ಬೆರಳು ನೆಕ್ಕಿ, "ನಿಮ್ಮತ್ತಿಗಿ ಮುಂದ ಮಾತ್ರ ಅನ್ನಬ್ಯಾಡ" ಎಂದ. ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವ ಪೈಕಿ ಅಲ್ಲ ಅವನು. ಊರಿಗೆ ಹೋಗಿ ಅವ್ವನ ಮುಂದೆ ವರ್ಣನೆ ಮಾಡಿದ್ದ.

ಮರುವರ್ಷ ಶ್ರಾವಣಕ್ಕೆ ಮೊದಲು ಅಣ್ಣ ಬಂದಾಗ ಅವನ ಮುಖದಲ್ಲಿ ನಗುವಿರಲಿಲ್ಲ.

"ಅವ್ವಗ ಮೈ ಇಳದದ. ಕಣ್ಣಾಗ ಪರಿ ಬಂದದ, ಮಂದಿ ಗುರ್ತು ಹತ್ತವಲ್ದು. ಹಲ್ಲಿಲ್ಲ, ಏನ ಕೊಟ್ರೂ ಒಲ್ಲೆ ಅಂತಾಳ. ಅಂಬಲಿ ಒಂದು ಬಟ್ಟಲು ಕುಡದ್ರ ಅದ ದೊಡ್ಡ ಊಟ" ಎಂದ. ಸ್ವಲ್ಪ ಹೊತ್ತು ರುಮಾಲು ಬಿಚ್ಚಿ ಸುತ್ತಿದ. "ಮೊನ್ನಿ ತಾನಾಗೇ ಕೇಳಿದ್ಲು ನೋಡು. 'ಆಕಿ ಅದೇನೋ ಮೆತ್ತಂದು ರೊಟ್ಟಿ ಮಾಡತಾಳ ಅಂದಿದ್ದೆಲ್ಲ, ಅದರಾಗ ತತ್ತಿ ಇರತದೇನು' ಅಂತ."

"ನೀ ಏನಂದಿ?"

"ನನಗೇನ ಗೊತ್ತು ಅಂದೆ. ನನಗ ಗೊತ್ತಿಲ್ಲಲ್ಲವಾ, ನಾ ಕೇಳೇ ಇಲ್ಲ!"

ಅವನು ಹೋದ ಮೇಲೆ ನಾನು ಬಾವಿಯ ಕಟ್ಟೆಗೆ ಹೋಗಿ ಕೂತೆ. ಇಷ್ಟು ವರ್ಷದಲ್ಲಿ ಅವ್ವ ನನ್ನ ಕೈಯ ಅಡಿಗೆಯ ಬಗ್ಗೆ ಕೇಳಿದ ಮೊದಲ ಮಾತು ಅದು. ತತ್ತಿ ಇರುತ್ತದೇನು ಎಂದರೆ, ಇಲ್ಲದಿದ್ದರೆ ತಿನ್ನುತ್ತೇನೆ ಎಂದಲ್ಲವೇ? ಅವಳ ಮಾತಿನ ಹೆಣಿಗೆ ನನಗೆ ಗೊತ್ತಿಲ್ಲದ್ದೇ? ಬಾಗಿಲು ತೆರೆಯುವುದಿಲ್ಲ ಅವಳು, ಚಿಲಕ ಮಾತ್ರ ಸಡಿಲ ಬಿಡುತ್ತಾಳೆ. ನೂಕಿಕೊಂಡು ಹೋಗಬೇಕಾದವಳು ನಾನು. ಈ ಸಲ ತಪ್ಪಿದರೆ ಮುಂದಿನ ಶ್ರಾವಣಕ್ಕೆ ಅವ್ವ ಇರುತ್ತಾಳೆಂದು ಯಾರು ಹೇಳಬೇಕು?

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವ ಪದ್ಧತಿ. ಹೊರಡುವ ಹಿಂದಿನ ದಿನ ಎರಡು ರೊಟ್ಟಿ ಸುಟ್ಟೆ. ಒಂದು ಡಾಕ್ಟರಬಾಯಿಗೆ, ತತ್ತಿ ಹಾಕಿದ್ದು. ಅದು ಡಬ್ಬಿಯಿಂದ ಮೇಲೆದ್ದು, ನೆತ್ತಿ ಬಿರಿದು, ಹೊಳೆಯುತ್ತ ನಿಂತಿತು. ಇನ್ನೊಂದು ಅವ್ವನಿಗೆ. ತತ್ತಿಯ ಬದಲು ಹುಳಿ ಮೊಸರು, ಚಿಟಿಕೆ ಸೋಡಾ. ಪಾತ್ರೆ ಬೇರೆ, ಸೌಟು ಬೇರೆ, ಯಾರೂ ಮುಟ್ಟದ ಮೀಸಲು ನೀರು. ಎಷ್ಟು ಶಿವ ಶಿವ ಎಂದರೂ ಅದು ಏಳಲಿಲ್ಲ. ಚಪ್ಪಟೆಯಾಗಿ, ಕಪ್ಪಗೆ ಕೂತಿತು. ತುದಿ ಮುರಿದು ತಿಂದು ನೋಡಿದೆ. ಮೆತ್ತಗಿತ್ತು, ಸಿಹಿ ಇತ್ತು, ಹಲ್ಲಿಲ್ಲದ ಬಾಯಲ್ಲಿ ಕರಗುವಂತಿತ್ತು. ಅಷ್ಟಾದರೆ ಸಾಕಿತ್ತು.

ಡಾಕ್ಟರಬಾಯಿ ಬಂದು ಎರಡನ್ನೂ ನೋಡಿದಳು. "ತಾಯಿಗೆ ಯಾವುದು?" ಎಂದಳು. ಚಪ್ಪಟೆಯದನ್ನು ತೋರಿಸಿದೆ. "ಅದರಲ್ಲಿ ಮೊಟ್ಟೆ ಯಾಕೆ ಹಾಕಲಿಲ್ಲ?"

ಏನು ಹೇಳಲಿ? ನಿಮ್ಮ ಮನೆಯಲ್ಲಿ ಉಂಡದ್ದಕ್ಕೇ ನನ್ನ ಹಡೆದವಳು ನನ್ನ ಕೈಯ ನೀರು ಕುಡಿಯುವುದಿಲ್ಲ ಎನ್ನಲೇ? ಜೀವ ಉಳಿಸಿದವಳ ಮುಂದೆ ಆ ಮಾತು ಆಡಲು ನಾಲಿಗೆ ಬರಲಿಲ್ಲ. "ನಮ್ಮವ್ವಗ ಅಷ್ಟು ಸಾಕ್ರಿ ಬಾಯಾರ" ಎಂದುಬಿಟ್ಟೆ. ಅವಳು ನನ್ನನ್ನು ಒಂದು ಥರ ನೋಡಿದಳು. ಆ ನೋಟದ ಅರ್ಥ ನನಗಾಗ ಆಗಲಿಲ್ಲ.

ಬೆಳಗ್ಗೆ ನಾನು ಸ್ನಾನ, ಪೂಜೆ ಮುಗಿಸಿ ಬರುವಷ್ಟರಲ್ಲಿ ಅವಳೇ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿ ಹಿಡಿದು ನಿಂತಿದ್ದಳು. "ತಾಯಿಗೆ ಯಾವಾಗಲೂ ಅತ್ಯುತ್ತಮವಾದದ್ದನ್ನೇ ಕೊಡಬೇಕು" ಎಂದು ನನ್ನ ಕೈಗಿಟ್ಟಳು. ಒಳ್ಳೆಯ ಮಾತು, ಹೌದ್ರಿ ಎಂದು ತಲೆಯಾಡಿಸಿ ಮೋಟಾರಿಗೆ ಓಡಿದೆ.

ಮೋಟಾರು ಏರು ಬಂದಲ್ಲೆಲ್ಲ ನಿಂತಿತು. ಇದ್ದಲಿ ತುಂಬುವುದು, ಕೆದಕುವುದು, ಬಯ್ಯುವುದು, ಮತ್ತೆ ಹೊರಡುವುದು. ತವರಿಗೆ ಹೊರಟ ಹುಡುಗಿಯರು ಕೈತುಂಬ ಹಸಿರು ಬಳೆ ತೊಟ್ಟು, ಉಂಡಿ, ಜೋಕಾಲಿ ಎಂದು ಗಲಗಲ ಮಾತಾಡುತ್ತಿದ್ದರು. ನನ್ನ ಪಕ್ಕದವಳು, "ನೀವೂ ತವರಿಗೇನ್ರೀ ಅಕ್ಕಾ?" ಎಂದಳು. ಹೌದು ಎಂದೆ. ನನ್ನ ಬರಿಗೈ ನೋಡಿ ಅವಳು ಮತ್ತೇನೂ ಕೇಳಲಿಲ್ಲ. ನಾನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಹಿಡಿಯುತ್ತ ಕೂತೆ.

ಊರು ಮುಟ್ಟಿದಾಗ ರೊಟ್ಟಿ ಹಬ್ಬದ ಗದ್ದಲ. ಮರುದಿನ ನಾಗಪ್ಪನಿಗೆ ಹಾಲೆರೆಯುವ ದಿನ, ಒಲೆಯ ಮೇಲೆ ಹಂಚು ಇಡುವಂತಿಲ್ಲ. ಅದಕ್ಕೆ ಹಿಂದಿನ ದಿನವೇ ಮನೆಮನೆಯಲ್ಲೂ ರೊಟ್ಟಿ ಬಡಿದು, ಪಲ್ಯ ಚಟ್ನಿ ಮಾಡಿ, ಒಬ್ಬರ ಮನೆಗೆ ಒಬ್ಬರು ಕೊಟ್ಟು ಬರುವುದು ನಮ್ಮ ಕಡೆಯ ರೂಢಿ. ರೊಟ್ಟಿ ತಂದವರ ತಾಟನ್ನು ಬರಿದಾಗಿ ಕಳಿಸುವಂತಿಲ್ಲ, ನಮ್ಮ ರೊಟ್ಟಿ ಇಟ್ಟೇ ಕಳಿಸಬೇಕು. ಓಣಿಯ ತುಂಬ ಸೆರಗು ಮುಚ್ಚಿದ ತಾಟುಗಳು ಓಡಾಡುತ್ತಿದ್ದವು.

ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅಷ್ಟು ದೊಡ್ಡ ಅವ್ವ ಇಷ್ಟೇ ಇಷ್ಟು ಆಗಿದ್ದಳು. ನಾನು ಕಾಲು ಮುಟ್ಟಿದಾಗ ನನ್ನ ತಲೆ ತಡವಿ, ಕೈ ಕೆಳಗೆ ಜಾರಿಸಿ, ಕೊರಳ ಹತ್ತಿರ ತಂದು ನಿಲ್ಲಿಸಿದಳು. ಬೆರಳಿಗೆ ಶಿವದಾರ ಸಿಕ್ಕಿತು. ಕೈ ತೆಗೆದು, "ತಂದೀಯೇನು?" ಎಂದಳು.

"ತಂದೀನಿ ಯವ್ವಾ. ತತ್ತಿ ಹಾಕಿಲ್ಲ. ಮೀಸಲ ನೀರಾಗ ಮಾಡೀನಿ."

"ಹಂಗಾರ ತಾ."

ಅತ್ತಿಗೆ ಅಡಿಗೆಮನೆಯಿಂದ ಹೊರಗೆ ಬಂದು ನಿಂತಳು. ತಾಟು ಹಿಡಿದು ಬಂದಿದ್ದ ನೆರೆಮನೆಯ ದೊಡ್ಡವ್ವನೂ ನಿಂತಳು. ಅವ್ವ ಕೈ ತೊಳೆಸಿಕೊಂಡು, ಸೆರಗಿಗೆ ಒರೆಸಿಕೊಂಡು, ಅಂಗೈ ಮುಂದೆ ಚಾಚಿದಳು. ಆ ಅಂಗೈಯನ್ನು ಅವಳು ನನ್ನ ಮುಂದೆ ಚಾಚಲಿ ಎಂದು ನಾನು ಎಷ್ಟು ಹಬ್ಬ ಕಾದಿದ್ದೆನೋ.

ಗಂಟು ಬಿಚ್ಚಿದೆ. ನೆತ್ತಿ ಬಿರಿದ, ಎತ್ತರದ, ಹೊಳೆಯುವ ರೊಟ್ಟಿ ಹೊರಗೆ ಬಂತು.

ಅಯ್ಯೋ ಶಿವನೇ! ಡಾಕ್ಟರಬಾಯಿಯ ಆ ನೋಟ, ಆ ಮಾತು ಎಲ್ಲ ಒಮ್ಮೆಗೇ ತಿಳಿದವು. ಯುದ್ಧದ ಕಾಲ, ತತ್ತಿ ತುಟ್ಟಿ, ಅದಕ್ಕೇ ನಾನು ಯಜಮಾನಿಗೆ ಒಳ್ಳೆಯದನ್ನಿಟ್ಟು, ಅವ್ವನಿಗೆ ಕಡಿಮೆಯದನ್ನು ಒಯ್ಯುತ್ತಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಳು. ಪುಣ್ಯಾತ್ಮಳು, ತನ್ನದನ್ನು ಕೊಟ್ಟು ಚಪ್ಪಟೆಯದನ್ನು ತಾನಿಟ್ಟುಕೊಂಡಿದ್ದಳು.

"ಹಾಕಬೇ, ಕೈ ನೋಯಾಕತ್ತದ" ಎಂದಳು ಅವ್ವ.

ಒಂದು ತುಂಡು ಮುರಿದೆ. ಒಳಗೆ ಹಳದಿ, ಚುಕ್ಕಿ ಚುಕ್ಕಿ. ಅವ್ವನಿಗೆ ಕಾಣುವುದಿಲ್ಲ. ಅತ್ತಿಗೆಗೆ ತಿಳಿಯುವುದಿಲ್ಲ. ಸುಮ್ಮನಿದ್ದರೆ ಅವ್ವ ನನ್ನ ಕೈಯ ತುತ್ತು ತಿನ್ನುತ್ತಾಳೆ, ಚೊಲೋ ಅದ ಎನ್ನುತ್ತಾಳೆ, ನಾಳೆ ಮತ್ತೆ ಕೇಳುತ್ತಾಳೆ. ಹೇಳಿದರೆ ಈ ಕೈ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ತುಂಡು ಅವಳ ಅಂಗೈಯ ಮೇಲೆ ಒಂದು ಗೇಣು ಎತ್ತರದಲ್ಲಿತ್ತು. ಅವಳು ಅದನ್ನು ತಿನ್ನುವುದು ನನಗೆ ಬೇಕಾಗಿತ್ತು. ಆದರೆ ಶ್ರಾವಣದಲ್ಲಿ, ಲಿಂಗ ಕಟ್ಟಿಕೊಂಡ, ಕಣ್ಣು ಕಾಣದ ಮುದುಕಿ ನನ್ನನ್ನು ನಂಬಿ ಕೈ ಚಾಚಿದ್ದಳು.

"ಯವ್ವಾ, ತಿನಬ್ಯಾಡ" ಎಂದೆ. "ಇದರಾಗ ತತ್ತಿ ಅದ. ನಿನಗಂತ ಮಾಡಿದ್ದು ಅಲ್ಲೇ ಉಳದದ. ಬದಲಿ ಆಗ್ಯಾವ."

ಅತ್ತಿಗೆ ಬಾಯಿಗೆ ಸೆರಗಿಟ್ಟುಕೊಂಡಳು. ದೊಡ್ಡವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಅವ್ವನ ಅಂಗೈ ಚಾಚಿದಂತೆಯೇ ಇತ್ತು.

"ಬದಲಿ ಮಾಡಿದವರು ಯಾರು?"

"ಡಾಕ್ಟರಬಾಯಿ. ಆಕಿಗೆ ನಮ್ಮ ರೀತಿ ಗೊತ್ತಿಲ್ಲಬೇ. ಚೊಲೋದು ನಿನಗ ಬರಲಿ ಅಂತ ತನ್ನದು ಕೊಟ್ಟು ಕಳಿಸ್ಯಾಳ."

"ಮತ್ತ ಆಕಿ ಏನ ತಿಂತಾಳ?"

"ನಿನಗ ಮಾಡಿದ್ದು. ಚಪ್ಪಟಿದು."

"ಆಕಿಗೆ ಅವ್ವ ಇದ್ದಾಳೇನು?"

"ಇದ್ದಾಳಂತ. ಸಮುದ್ರದಾಚಿ. ಇದ್ದಾಳೋ ಇಲ್ಲೋ, ಕಾಗದ ಬಂದು ಭಾಳ ದಿನ ಆತು."

ಅತ್ತಿಗೆ ಆ ರೊಟ್ಟಿಯನ್ನು ದೂರ ಸರಿಸಲು ಬಗ್ಗಿದಳು. "ಬಿಡು, ಅಲ್ಲೇ ಇರಲಿ" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಹೇಳದಿದ್ರ ತಿಂತಿದ್ನಿ."

"ಹೂಂ."

"ಹಬ್ಬದ ದಿನ ಚಾಚಿದ ಕೈ ಖಾಲಿ ಹಿಂದ ತಗೊಬಾರದು. ಹೋಗು, ಕೈಕಾಲು ತೊಕ್ಕೊ. ಒಳಗ ಹೋಗಿ ಹಂಚಿಡು, ಎರಡು ರೊಟ್ಟಿ ಬಡಿ."

"ನಾನಾ?"

"ಮತ್ತ್ಯಾರು? ನಿಮ್ಮತ್ತಿಗಿ ರೊಟ್ಟಿ ಕಟಗಿ ಕಟಗಿ ಇರತಾವ, ನನಗ ನುಂಗಾಕ ಆಗಂಗಿಲ್ಲ."

ಅತ್ತಿಗೆಯ ಮುಖ ಊದಿಕೊಂಡಿತು. ನಾನು ಅಡಿಗೆಮನೆಯ ಹೊಸ್ತಿಲು ದಾಟಿದೆ. ಎಲ್ಲ ಇಟ್ಟಲ್ಲೇ ಇತ್ತು, ಉಪ್ಪಿನ ಗಡಿಗೆ, ಬೀಸುವ ಕಲ್ಲು, ಗೂಡಿನಲ್ಲಿ ಬೆಂಕಿಪೆಟ್ಟಿಗೆ. ಕುದಿನೀರು ಹಾಕಿ ಜೋಳದ ಹಿಟ್ಟು ನಾದಿದೆ. ಕಣ್ಣೀರು ಹಿಟ್ಟಿಗೆ ಬೀಳದಂತೆ ಭುಜಕ್ಕೆ ಮುಖ ಒರೆಸಿಕೊಳ್ಳುತ್ತ ಬಡಿದೆ. ಕೈಗೆ ರೂಢಿ ತಪ್ಪಿತ್ತು, ಮೊದಲನೆಯದು ಹರಿಯಿತು. ಹೊರಗಿನಿಂದ ಅವ್ವ ಕೂಗಿದಳು, "ಸಪ್ಪಳ ಕೇಳಾಕತ್ತೀನಿ! ಒಂದ ಕಡಿ ಜೋರ ಬಡಿಯಾಕತ್ತಿ, ತಿರುವಿ ತಿರುವಿ ಬಡಿ!"

ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಕಲಸಿ ಕೊಟ್ಟೆ. ಅವ್ವ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹೊತ್ತಿಸಿದಿ" ಎಂದಳು. "ಹಿಟ್ಟು ಇನ್ನೂ ನಾದಬೇಕಿತ್ತು" ಎಂದಳು. ಒಂದೊಂದು ತುತ್ತಿಗೂ ಒಂದೊಂದು ತಪ್ಪು ಹುಡುಕುತ್ತ ಬಟ್ಟಲು ಬರಿದು ಮಾಡಿದಳು. ನೀರು ಬೇಡಿದ್ದು ನನ್ನನ್ನೇ. ತಂಬಿಗೆ ಕೊಟ್ಟೆ, ಗಟಗಟ ಕುಡಿದಳು.

ಮೂರನೆಯ ದಿನ ಹೊರಟು ನಿಂತಾಗ ಅವ್ವ ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟಳು. ನಾನು ರೊಟ್ಟಿ ಒಯ್ದಿದ್ದ ಅದೇ ಬಿಳಿ ಬಟ್ಟೆ. ಒಳಗೆ ನಾನು ಹಬ್ಬದ ದಿನ ಬಡಿದದ್ದರಲ್ಲಿ ಒಂದು ರೊಟ್ಟಿ ಒಣಗಿಸಿ ಇಟ್ಟಿದ್ದಳು, ಜೊತೆಗೆ ಶೇಂಗಾ ಚಟ್ನಿ.

"ಇದ್ಯಾಕಬೇ?"

"ರೊಟ್ಟಿ ಬಂದ ಮನಿಗಿ ರೊಟ್ಟಿ ಹೋಗಬೇಕು. ತಿಂದಿದ್ದು ಬಿಟ್ಟಿದ್ದು ನಮ್ಮ ಮಾತು. ಆಕಿಗಿ ಕೊಡು."

"ನಮ್ಮವ್ವ ಕೊಟ್ಟಾಳ ಅಂತ ಹೇಳತೀನಿ."

"ನಮ್ಮವ್ವ ಅನಬ್ಯಾಡ" ಎಂದಳು. "ಅವ್ವ ಕೊಟ್ಟಾಳ ಅನ್ನು."

ಆ ಕೈಯ ಮೇಲೆ ನಾನು ಇನ್ನೊಮ್ಮೆ ಏನನ್ನೂ ಇಡಲಿಲ್ಲ. ದಸರೆಗೆ ಮೊದಲೇ ಅಣ್ಣ ಬಂದು ಗೇಟಿನಲ್ಲಿ ನಿಂತ, ಅವ್ವ ಹೋದಳೆಂದು ಅವನ ಮುಖ ನೋಡಿಯೇ ತಿಳಿಯಿತು. ಆದರೆ ಅಂದು ಅದು ಗೊತ್ತಿರಲಿಲ್ಲ. ಅಂದು ಮೋಟಾರಿನಿಂದ ಇಳಿದು ಬಂಗಲೆಗೆ ಬಂದಾಗ ಡಾಕ್ಟರಬಾಯಿ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಟಪಾಲಿನವನು ಬಂದು ಹೋದ ಹೊತ್ತು ಅದು, ಕೈ ಬರಿದಾಗಿತ್ತು. "ನಿನ್ನ ತಾಯಿಗೆ ರೊಟ್ಟಿ ಇಷ್ಟವಾಯಿತೇ?" ಎಂದಳು. ನಾನು ಗಂಟು ಬಿಚ್ಚಿ ಅವಳ ಮಡಿಲಲ್ಲಿಟ್ಟೆ.

"ಇದನ್ನು ಯಾರು ಕೊಟ್ಟರು?"

"ಅವ್ವ ಕೊಟ್ಟಾಳ್ರಿ" ಎಂದೆ.

ಅವಳು ನನ್ನ ಮುಖ ನೋಡಿದಳು, ರೊಟ್ಟಿಯನ್ನು ನೋಡಿದಳು. ಯಾರ ಅವ್ವ ಎಂದು ಕೇಳಲಿಲ್ಲ. ತುದಿ ಮುರಿದು ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು.